ಮೊನೆ ಬಿಡಿ, ಸಿಪ್ಪೆ ನೋಡಿ: ಬಣ್ಣದ ಪೆನ್ಸಿಲ್ ಮುರಿಯದ ಹಾಗೆ ಚೂಪು ಮಾಡುವ ಬಗೆ

ಬಣ್ಣದ ಪೆನ್ಸಿಲ್ ಚೂಪು ಮಾಡುವಾಗ ಎಲ್ಲರ ಕಣ್ಣೂ ಮೊನೆಯ ಮೇಲಿರುತ್ತದೆ. ಮೊನೆ ಮುರಿದ ಕೂಡಲೇ ಪೆನ್ಸಿಲ್ಲಿಗೆ ಬೈಗುಳ. ‘ಥೂ, ಈ ಡಬ್ಬಿಯೇ ಸರಿಯಿಲ್ಲ’ ಅಂತ ಹೊಸ ಡಬ್ಬಿಗೆ ದುಡ್ಡು ಹಾಕುವವರೂ ಇದ್ದಾರೆ. ನೋಡಬೇಕಾದ್ದು ಮೆಂಡರಿನಿಂದ ಹೊರಗೆ ಬೀಳುವ ಸಿಪ್ಪೆಯನ್ನು. ತೊಂದರೆ ಬ್ಲೇಡಿನದೋ, ಕೈಯದೋ, ಪೆನ್ಸಿಲ್ಲಿನದೋ ಅಂತ ಅದೇ ಹೇಳಿಬಿಡುತ್ತದೆ.

ನಾನು ಚಿಕ್ಕಮಗಳೂರಿನಲ್ಲಿ ಮನೆಯ ಜಗಲಿಯಲ್ಲೇ ಭಾನುವಾರ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ‘ಮಿಸ್, ಮತ್ತೆ ಹೋಯ್ತು’ ಅಂತ ಪೆನ್ಸಿಲ್ ಹಿಡಿದು ಬರುವ ಮಗುವಿಗೆ ನನ್ನ ಮೊದಲ ಪ್ರಶ್ನೆ: ಸಿಪ್ಪೆ ಎಲ್ಲಿ, ತೋರಿಸು. ಬಹಳಷ್ಟು ಸಲ ಪೆನ್ಸಿಲ್ ಚೆನ್ನಾಗಿಯೇ ಇರುತ್ತದೆ. ಮೊಂಡಾಗಿರುವುದು ಬ್ಲೇಡು.

ಸಿಪ್ಪೆ ಓದುವುದು ಹೀಗೆ. ಚೂಪಾದ ಬ್ಲೇಡಿನಿಂದ ಬಂದ ಸಿಪ್ಪೆ ತೆಳ್ಳಗೆ, ಉದ್ದಕ್ಕೆ, ಸುರುಳಿಯಾಗಿ ಬರುತ್ತದೆ. ಹೊರ ಅಂಚಿನಲ್ಲಿ ಪೆನ್ಸಿಲ್ಲಿನ ಮೈಬಣ್ಣದ ಗೆರೆ, ನಡುವೆ ಮರ, ಒಳ ಅಂಚಿನಲ್ಲಿ ಕಡ್ಡಿಯ ಬಣ್ಣ. ಒಳ ಅಂಚು ಹರಿದ ಹಾಗಿದ್ದು, ಬಣ್ಣ ಹರಳು ಹರಳಾಗಿ ಉದುರುತ್ತಿದ್ದರೆ ಬ್ಲೇಡ್ ಮೊಂಡಾಗಿದೆ. ಸಿಪ್ಪೆ ಸುರುಳಿಯಾಗದೆ ತುಂಡು ತುಂಡಾಗಿ ಬೀಳುತ್ತಿದ್ದರೆ ಬ್ಲೇಡ್ ಮೊಂಡಾಗಿರಬಹುದು, ಸ್ಕ್ರೂ ಸಡಿಲವಾಗಿ ಬ್ಲೇಡ್ ಅಲ್ಲಾಡುತ್ತಿರಬಹುದು. ಒಂದು ಸುತ್ತಿನಲ್ಲೇ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೀರಾ ತೆಳು ಬಂದರೆ ಮಾತ್ರ ಪೆನ್ಸಿಲ್ಲಿನ ಮೇಲೆ ಅನುಮಾನ ಪಡಿ. ಅದು ಸೊಟ್ಟಗಿರಬೇಕು, ಇಲ್ಲವೇ ಕೈ ವಾಲುತ್ತಿರಬೇಕು.

ಈ ಕಡ್ಡಿ ಯಾಕೆ ಇಷ್ಟು ಮೆದು?

ಬರೆಯುವ ಪೆನ್ಸಿಲ್ಲಿನ ಕಪ್ಪು ಕಡ್ಡಿಯಲ್ಲಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಎರಡನ್ನೂ ಕಲಸಿ, ಎಳೆ ತೆಗೆದು, ಒಣಗಿಸಿ, ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಡುತ್ತಾರೆ. ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಡುವ ಈ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದ. ಸುಟ್ಟ ಕಡ್ಡಿ ಗಟ್ಟಿಯಾಗಿರುತ್ತದೆ, ಸ್ವಲ್ಪ ಒರಟು ಕೈಯನ್ನೂ ತಡೆದುಕೊಳ್ಳುತ್ತದೆ.

ಬಣ್ಣದ ಕಡ್ಡಿಯನ್ನು ಹಾಗೆ ಸುಡಲು ಆಗುವುದಿಲ್ಲ. ಸುಟ್ಟರೆ ಬಣ್ಣ ಹೋಗುತ್ತದೆ, ಮೇಣ ಉಳಿಯುವುದಿಲ್ಲ. ಬಣ್ಣದ ಪುಡಿ, ಟಾಲ್ಕ್ ಅಥವಾ ಬಿಳಿ ಜೇಡಿಮಣ್ಣು, ಅಂಟು, ಜೊತೆಗೆ ಮೇಣ ಅಥವಾ ಎಣ್ಣೆ ಸೇರಿಸಿ ಕಡ್ಡಿ ಮಾಡಿ ಒಣಗಿಸುತ್ತಾರೆ, ಅಷ್ಟೇ. ಬೇಲೂರು, ಹಳೇಬೀಡಿನಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದ್ದು ಬಳಪದ ಕಲ್ಲು ಮೆದುವಾಗಿದ್ದರಿಂದ. ಬಳಪದ ಕಲ್ಲಿಗೆ ಆ ಮೆದುತನ ಕೊಡುವ ಖನಿಜದ ಹೆಸರೇ ಟಾಲ್ಕ್. ನಿಮ್ಮ ಡಬ್ಬಿಯ ಪೆನ್ಸಿಲ್ಲಿನ ಹೊಟ್ಟೆಯಲ್ಲೂ ಅದು ಇರುವ ಸಾಧ್ಯತೆ ಜಾಸ್ತಿ.

ಮೆದು ಅನ್ನುವುದರ ಜೊತೆಗೆ ದಪ್ಪದ ಲೆಕ್ಕವೂ ಇದೆ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬರೆಯುವ ಪೆನ್ಸಿಲ್ಲಿನ ಕಡ್ಡಿ ಸುಮಾರು 2 ಮಿ.ಮೀ. ದಪ್ಪ. ಫೇಬರ್ ಕ್ಯಾಸಲ್‌ನ ಪಾಲಿಕ್ರೋಮೋಸ್‌ನಂಥ ಕಲಾವಿದರ ಪೆನ್ಸಿಲ್ಲಿನಲ್ಲಿ ಅದು 3.8 ಮಿ.ಮೀ. ಎರಡನ್ನೂ ಒಂದೇ ಮೆಂಡರಿನಲ್ಲಿ ಚೂಪು ಮಾಡಿದರೆ, ಕಪ್ಪು ಕಡ್ಡಿ ಅರ್ಧ ಸೆಂಟಿಮೀಟರಿನಷ್ಟು ಮರದಿಂದ ಹೊರಗೆ ನಿಲ್ಲುವ ಕಡೆ ಬಣ್ಣದ ಕಡ್ಡಿ ಹತ್ತಿರ ಹತ್ತಿರ ಅದರ ಎರಡರಷ್ಟು ಹೊರಗೆ ನಿಲ್ಲುತ್ತದೆ. ಮೆದು ಕಡ್ಡಿ, ಅದೂ ಉದ್ದಕ್ಕೆ, ಸುತ್ತ ಮರದ ಆಸರೆ ಇಲ್ಲದೆ. ಪಕ್ಕದಿಂದ ಒಂದಿಷ್ಟು ಒತ್ತಡ ಬಿದ್ದರೂ ಸಾಕು, ಬುಡದಲ್ಲೇ ಲಟಕ್ ಅನ್ನುತ್ತದೆ. ಹಾಗಾಗಿ ಬಣ್ಣದ ಪೆನ್ಸಿಲ್ಲಿಗೆ ಸ್ವಲ್ಪ ಗಿಡ್ಡ, ಅಗಲ ಮೊನೆಯೇ ಒಳ್ಳೆಯದು.

ಒಂದೇ ಡಬ್ಬಿಯಲ್ಲೂ ಎಲ್ಲ ಬಣ್ಣ ಒಂದೇ ಗಟ್ಟಿ ಇರುವುದಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಪುಡಿ, ಅದಕ್ಕೆ ತಕ್ಕ ಹಾಗೆ ಕಡ್ಡಿ. ಪ್ರಿಸ್ಮಾಕಲರ್ ಪ್ರೀಮಿಯರ್‌ನಂಥ ಮೇಣದ ಪೆನ್ಸಿಲ್‌ಗಳು ಜಾಸ್ತಿ ಮೆದು. ಪಾಲಿಕ್ರೋಮೋಸ್‌ನಂಥ ಎಣ್ಣೆ ಸೇರಿದವು ಕೊಂಚ ಗಟ್ಟಿ. ಶಾಲಾ ಮಕ್ಕಳ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಕಡ್ಡಿ ತೆಳು, ಬಣ್ಣ ಕಮ್ಮಿ, ಆದರೆ ಮೆಂಡರಿಗೆ ಅವೇ ಸುಲಭ.

ಅಂಗಡಿಯಲ್ಲಿ ನೋಡಿಕೊಳ್ಳಬೇಕಾದ್ದು

ಬಿಡಿ ಪೆನ್ಸಿಲ್ ಕೊಳ್ಳುವಾಗ ಮೊದಲು ಹಿಂಬದಿ ನೋಡಿ. ಕಡ್ಡಿ ಸರಿಯಾಗಿ ನಡುವೆ ಇದೆಯಾ? ಒಂದು ಪಕ್ಕಕ್ಕೆ ಸರಿದಿದ್ದರೆ ಬೇರೆ ಕೊಡಿ ಅನ್ನಿ. ಅಂಥ ಪೆನ್ಸಿಲ್ ಎಷ್ಟು ಹುಷಾರಾಗಿ ಚೂಪು ಮಾಡಿದರೂ ಒಂದು ಕಡೆ ಮರ ಮೊನೆಯವರೆಗೂ ಬಂದು ನಿಲ್ಲುತ್ತದೆ, ಇನ್ನೊಂದು ಕಡೆ ಕಡ್ಡಿ ಬೆತ್ತಲೆ. ಆಮೇಲೆ ಅಂಗಡಿಯ ಗಾಜಿನ ಮೇಲೆ ಉರುಳಿಸಿ. ದುಂಡನೆಯ ಪೆನ್ಸಿಲ್ ಆದರೆ ಸರಾಗವಾಗಿ ಉರುಳಬೇಕು, ಕುಂಟಬಾರದು. ಆರು ಮೂಲೆಯದಾದರೆ ಕಣ್ಣಿನ ಮಟ್ಟಕ್ಕೆ ಹಿಡಿದು, ಉದ್ದಕ್ಕೆ ನೋಡಿ ಸೊಟ್ಟ ಪತ್ತೆ ಮಾಡಿ. ಮುಚ್ಚಿದ ಡಬ್ಬಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಂಗಡಿಯವರ ಪರಿಚಯವಿದ್ದರೆ ಬಿಚ್ಚಿ ನೋಡಲು ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಮೆಂಡರ್ ಆರಿಸುವುದು

ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ಡಬ್ಬಿಯ ಜೊತೆ ಪುಕ್ಕಟೆ ಬರುವ ಪ್ಲಾಸ್ಟಿಕ್ ಮೆಂಡರನ್ನು ಬರೆಯುವ ಪೆನ್ಸಿಲ್ಲಿಗೆ ಇಟ್ಟುಕೊಳ್ಳಿ. ಬಣ್ಣದ ಪೆನ್ಸಿಲ್ಲಿಗೆ ಲೋಹದ ಮೆಂಡರ್ ಬೇಕು. ಕಾರಣ ಸರಳ. ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಬಿಗಿಯಾಗಿ ಕೂರುವುದಿಲ್ಲ. ನಾಲ್ಕು ದಿನ ಬಳಸಿದ ಮೇಲೆ ಬ್ಲೇಡ್ ಕೂದಲೆಳೆಯಷ್ಟು ಅಲ್ಲಾಡಲು ಶುರು. ಆ ಅಲ್ಲಾಟ ನೇರವಾಗಿ ಕಡ್ಡಿಗೆ ಬಡಿಯುತ್ತದೆ. ಲೋಹದ್ದಾದರೆ ಸ್ಕ್ರೂ ಬಿಗಿ ಮಾಡಬಹುದು. ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂ ಡ್ರೈವರ್ ಮನೆಯಲ್ಲಿದ್ದರೆ ಸಾಕು.

ಎರಡು ತೂತಿನ ಮೆಂಡರ್ ತೆಗೆದುಕೊಂಡರೆ ಅನುಕೂಲ. ಸಣ್ಣ ತೂತು 8 ಮಿ.ಮೀ. ಒಳಗಿನ ಮಾಮೂಲಿ ಪೆನ್ಸಿಲ್ಲಿಗೆ, ದೊಡ್ಡದು ಚಿಕ್ಕ ಮಕ್ಕಳ ದಪ್ಪ ಪೆನ್ಸಿಲ್ಲಿಗೆ. ಸಣ್ಣ ಪೆನ್ಸಿಲನ್ನು ದೊಡ್ಡ ತೂತಿಗೆ ತುರುಕಬೇಡಿ. ಒಳಗೆ ಅಲ್ಲಾಡಿದ ಪೆನ್ಸಿಲ್ ಮುರಿಯದೆ ಹೊರಗೆ ಬರುವುದಿಲ್ಲ. ಕೆಲವು ಮೆಂಡರ್‌ಗಳಲ್ಲಿ ಬಣ್ಣದ ಪೆನ್ಸಿಲ್ಲಿಗೆ ಅಂತಲೇ ಬೇರೆ ತೂತು ಇರುತ್ತದೆ, ಅದರ ಮೊನೆ ಗಿಡ್ಡ ಬರುತ್ತದೆ. ಕಣ್ಣಿಗೆ ಬಿದ್ದರೆ ಅದನ್ನೇ ಎತ್ತಿಕೊಳ್ಳಿ. ‘ಲಾಂಗ್ ಪಾಯಿಂಟ್’ ಅಂತ ಬರೆದ ಮೆಂಡರ್ ನೋಡಲು ಚೆಂದ, ಮೆದು ಕಡ್ಡಿಗೆ ಮಾತ್ರ ಅದು ಶತ್ರು.

ಜರ್ಮನಿಯ ಎರ್ಲಾಂಗೆನ್ ಊರಿನ ಕುಮ್, ಮೊಬಿಯಸ್ ರುಪ್ಪರ್ಟ್ ಕಂಪನಿಗಳ ಹಿತ್ತಾಳೆ ಮತ್ತು ಮೆಗ್ನೀಸಿಯಂ ಮೆಂಡರ್‌ಗಳಿಗೆ ಕಲಾವಿದರಲ್ಲಿ ಒಳ್ಳೆಯ ಹೆಸರಿದೆ. ಬ್ಲೇಡ್ ಬದಲಿಸಬಹುದು ಅನ್ನುವುದೇ ಅವುಗಳ ದೊಡ್ಡ ಗುಣ. ಆದರೆ ನಮ್ಮೂರಲ್ಲಿ ಬಿಡಿ ಬ್ಲೇಡ್ ಸಿಗುವುದು ಕಷ್ಟ. ಎಂ.ಜಿ. ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ‘ಅಣ್ಣ, ಮೆಂಡರಿನ ಬ್ಲೇಡ್ ಬಿಡಿಯಾಗಿ ಇದ್ಯಾ?’ ಅಂತ ಕೇಳಿದರೆ ‘ಬ್ಲೇಡ್ ಬರಲ್ಲ ಮೇಡಂ, ಮೆಂಡರೇ ತಗೊಂಡ್ಬಿಡಿ’ ಅನ್ನುವ ಉತ್ತರ ಖಾಯಂ. ಅವರು ಹೇಳುವುದರಲ್ಲೂ ಅರ್ಥವಿದೆ. ದುಬಾರಿ ಮೆಂಡರನ್ನು ಮೊಂಡಾದ ಮೇಲೂ ವರ್ಷಗಟ್ಟಲೆ ಬಳಸುವುದಕ್ಕಿಂತ, ಕಡಿಮೆ ಬೆಲೆಯ ಲೋಹದ ಮೆಂಡರನ್ನು ಆಗಾಗ ಬದಲಿಸುವುದು ಎಷ್ಟೋ ವಾಸಿ.

ಬ್ಲೇಡ್ ಮೊಂಡಾಗಿದೆಯೋ ಇಲ್ಲವೋ ಅಂತ ಬೆರಳಿಟ್ಟು ನೋಡಬೇಡಿ. ಕಿಟಕಿಯ ಬೆಳಕಿಗೆ ಹಿಡಿದು, ಬ್ಲೇಡಿನ ಅಲಗನ್ನು ನಿಧಾನವಾಗಿ ಓರೆ ಮಾಡಿ. ಚೂಪಾದ ಅಲಗು ಕಣ್ಣಿಗೆ ಕಾಣುವುದೇ ಇಲ್ಲ, ಬೆಳಕನ್ನು ತಿರುಗಿಸುವಷ್ಟು ಅಗಲ ಅದಕ್ಕಿಲ್ಲ. ಮೊಂಡಾದ ಅಲಗಿನಲ್ಲಿ ಬೆಳ್ಳನೆಯ ಗೆರೆ ಹೊಳೆಯುತ್ತದೆ. ಅಲ್ಲಲ್ಲಿ ಚುಕ್ಕಿ ಹೊಳೆದರೆ ಅಷ್ಟು ಜಾಗದಲ್ಲಿ ಅಲಗು ಹಲ್ಲು ಬಿದ್ದಿದೆ ಅಂತ ಲೆಕ್ಕ. ಅದರಲ್ಲೂ ಮೊನೆಯ ಕಡೆಯ, ಅಂದರೆ ಕಿರಿದಾದ ತುದಿಯ ಹತ್ತಿರ ನೋಡಿ. ಕಡ್ಡಿಯನ್ನು ಕೆತ್ತುವುದು ಆ ಭಾಗವೇ. ಮರ ಕೆತ್ತುವ ಭಾಗ ಚೆನ್ನಾಗಿದ್ದು ತುದಿ ಮಾತ್ರ ಮೊಂಡಾಗಿದ್ದರೆ ಸಿಪ್ಪೆ ನೋಡಲು ಸೊಗಸಾಗಿಯೇ ಬರುತ್ತದೆ, ಮೊನೆ ಮಾತ್ರ ನಿಲ್ಲುವುದಿಲ್ಲ. ಸಿಪ್ಪೆಯ ಒಳ ಅಂಚನ್ನು ಬೇರೆಯಾಗಿ ನೋಡಿ ಅಂದಿದ್ದು ಇದಕ್ಕೇ.

ಕಾಫಿ ತೋಟದಲ್ಲಿ ಮರಗಸಿ ಮಾಡುವವರು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವವರು, ಮರ ಹತ್ತುವ ಮೊದಲು ಕತ್ತಿ ಮಸೆಯುವುದನ್ನು ನೋಡಿದ್ದೀರಲ್ವಾ? ಮೊಂಡು ಕತ್ತಿ ಕೊಂಬೆಯನ್ನು ಕಡಿಯುವುದಿಲ್ಲ, ಸೀಳುತ್ತದೆ. ಮೊಂಡು ಬ್ಲೇಡ್ ಕಡ್ಡಿಗೆ ಮಾಡುವುದೂ ಅದನ್ನೇ. ಕೆತ್ತುವ ಬದಲು ಎಳೆಯುತ್ತದೆ, ತಿರುಚುತ್ತದೆ. ನಾವು ಇನ್ನಷ್ಟು ಒತ್ತುತ್ತೇವೆ. ಮುಗೀತು.

ಇನ್ನು ಕೈ

ಮೊದಲು ಮೆಂಡರಿನ ಬಾಯಿ ನೋಡಿ. ಹಿಂದಿನ ಸಲ ಮುರಿದ ಕಡ್ಡಿಯ ಚೂರು ಬ್ಲೇಡಿನ ತುದಿಯಲ್ಲಿ ಸಿಕ್ಕಿಕೊಂಡಿದ್ದರೆ, ಹೊಸ ಮೊನೆ ಹೋಗಿ ಅದಕ್ಕೇ ಗುದ್ದುತ್ತದೆ. ‘ಒಂದರ ಹಿಂದೆ ಒಂದು ಮುರೀತಾನೇ ಇದೆ, ಅರ್ಧ ಪೆನ್ಸಿಲ್ ಹೋಯ್ತು’ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಆ ಅಕ್ಕಿ ಕಾಳಿನಷ್ಟು ಚೂರು. ಮೆಂಡರನ್ನು ಬೋರಲು ಹಿಡಿದು ಮೇಜಿಗೆ ಮೆಲ್ಲಗೆ ತಟ್ಟಿ. ಬೀಳದಿದ್ದರೆ ಬೆಂಕಿಕಡ್ಡಿಯ ತುದಿಯಿಂದ ಹಿಂದಿನಿಂದ ತಳ್ಳಿ. ಪಿನ್ನು, ಸೂಜಿ, ಕೈವಾರದ ಮುಳ್ಳು ಬೇಡ. ಲೋಹಕ್ಕೆ ಲೋಹ ತಾಗಿದರೆ ಅಲಗು ಕೆಡುತ್ತದೆ.

ಈಗ ಪೆನ್ಸಿಲ್ ಹಿಡಿಯಿರಿ. ಬಲಗೈಯವರು ಪೆನ್ಸಿಲನ್ನು ಎಡಗೈಯಲ್ಲಿ, ಮೆಂಡರನ್ನು ಬಲಗೈಯಲ್ಲಿ ಹಿಡಿಯಬೇಕು. ಎಡಗೈಯವರು ಅದಲು ಬದಲು. ಪೆನ್ಸಿಲ್ ನೆಟ್ಟಗೆ ನಿಲ್ಲಲಿ, ಮೊನೆ ಮೇಲಕ್ಕೆ ಇರಲಿ. ಮೆಂಡರಿಗೆ ಹತ್ತಿರದಲ್ಲೇ, ಒಂದು ಅಂಗುಲ ಕೆಳಗೆ ಹಿಡಿದರೆ ಅಲ್ಲಾಟ ಕಮ್ಮಿ.

ತಿರುಗಬೇಕಾದ್ದು ಪೆನ್ಸಿಲ್ ಅಲ್ಲ, ಮೆಂಡರು. ಇದೊಂದು ಅಭ್ಯಾಸ ಬದಲಿಸಿಕೊಂಡರೆ ಅರ್ಧ ತೊಂದರೆ ಹೋಯಿತು. ನಾವೆಲ್ಲ ಶಾಲೆಯಲ್ಲಿ ಮೆಂಡರ್ ಗಟ್ಟಿಯಾಗಿ ಹಿಡಿದು, ಪೆನ್ಸಿಲ್ಲಿನ ಬಾಲ ಹಿಡಿದು ಗರಗರ ತಿರುಗಿಸಿಯೇ ಬೆಳೆದವರು. ಹೊಸ ಪೆನ್ಸಿಲ್ ಒಂದು ಗೇಣಿನ ಹತ್ತಿರ ಉದ್ದ ಇರುತ್ತದೆ. ಅದರ ಬಾಲ ತಿರುಗುವಾಗ ಮಣಿಕಟ್ಟಿನ ಜೊತೆ ಮೇಲೆ ಕೆಳಗೆ ತೊನೆಯುತ್ತದೆ. ಆ ತೊನೆತ ಪೂರ್ತಿ ಹೋಗಿ ಬೀಳುವುದು ಬ್ಲೇಡಿನೊಳಗೆ ಸಿಕ್ಕಿರುವ ಮೆದು ಮೊನೆಯ ಮೇಲೆ. ಮೆಂಡರ್ ತಿರುಗಿಸಿದರೆ ಪೆನ್ಸಿಲ್ ಇದ್ದಲ್ಲೇ ಇರುತ್ತದೆ, ಬೆರಳು ಮಾತ್ರ ಕೆಲಸ ಮಾಡುತ್ತದೆ.

ಕಾಲು ಸುತ್ತು ತಿರುಗಿಸಿ, ಬೆರಳು ಸಡಿಲಿಸಿ ಮತ್ತೆ ಹಿಡಿದು, ಇನ್ನೊಂದು ಕಾಲು ಸುತ್ತು. ಬೆರಳು ಬದಲಿಸುವಾಗ ಮೆಂಡರ್ ಹಿಂದಕ್ಕೆ ತಿರುಗದಿರಲಿ. ಹಿಂದಕ್ಕೆ ತಿರುಗಿದರೆ ಅಲಗು ಕಡ್ಡಿಯನ್ನು ಕೆತ್ತದೆ ಸುಮ್ನೆ ಉಜ್ಜುತ್ತದೆ, ಅರ್ಧ ಬಂದ ಸಿಪ್ಪೆ ಒಳಗೇ ಮಡಚಿಕೊಳ್ಳುತ್ತದೆ. ಒತ್ತಡ ಹಾಕಬೇಡಿ. ಒಳ್ಳೆಯ ಬ್ಲೇಡ್ ತಾನಾಗಿಯೇ ಮರವನ್ನು ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಒತ್ತದೆ ಕೆತ್ತುವುದಿಲ್ಲ ಅಂತಾದರೆ ಬ್ಲೇಡ್ ಬದಲಿಸುವ ಹೊತ್ತಾಗಿದೆ.

ಕಿವಿಯನ್ನೂ ಬಳಸಿ. ಮರ ಕೆತ್ತುವಾಗ ಸರ್ ಸರ್ ಅನ್ನುವ ಒಂದೇ ಸಮನೆಯ ಸದ್ದು ಬರುತ್ತದೆ. ಕಟ್, ಕಟ್ ಅಂತ ತಡೆದು ತಡೆದು ಬಂದರೆ ಅಲ್ಲೇ ನಿಲ್ಲಿಸಿ, ಬಾಯಿ ನೋಡಿ.

ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಬೇಕಾದಷ್ಟು ಚೂಪಾಯಿತು ಅನ್ನಿಸಿದಾಗ ಪೆನ್ಸಿಲನ್ನು ಸಟಕ್ಕನೆ ಎಳೆಯಬೇಡಿ. ಸಿಪ್ಪೆ ಇನ್ನೂ ಮರಕ್ಕೆ ಅಂಟಿಕೊಂಡಿರುತ್ತದೆ, ಎಳೆದರೆ ಮೊನೆಯನ್ನೂ ಕರೆದುಕೊಂಡು ಹೋಗುತ್ತದೆ. ಕೈ ಹಗುರ ಮಾಡಿ ಕೊನೆಯ ಅರ್ಧ ಸುತ್ತು ತಿರುಗಿಸಿ, ಸಿಪ್ಪೆ ತೆಳ್ಳಗಾಗಿ ತಾನೇ ಕಳಚಿದ ಮೇಲೆ ನೇರಕ್ಕೆ ಹೊರಗೆ ತೆಗೆಯಿರಿ.

ಎಷ್ಟು ಚೂಪು ಬೇಕು? ಕೆಲಸದ ಮೇಲೆ ಹೋಗುತ್ತದೆ. ಮುಳ್ಳಯ್ಯನಗಿರಿಯ ಹುಲ್ಲಿನ ಇಳಿಜಾರು, ಮಂಜು ಕವಿದ ಆಕಾಶ ಇಂಥದ್ದಕ್ಕೆಲ್ಲ ಮೊಂಡು ಮೊನೆಯೇ ಚೆಂದ, ಬಣ್ಣ ಮೆತ್ತಗೆ ಹರಡುತ್ತದೆ. ಕಾಫಿ ಎಲೆಯ ನರ, ಹಕ್ಕಿಯ ಕಣ್ಣಂಚು ಬರೆಯುವಾಗ ಮಾತ್ರ ಸೂಜಿ ಮೊನೆ ಬೇಕು. ಹನ್ನೆರಡು ಪೆನ್ಸಿಲ್ಲನ್ನೂ ಸಾಲಾಗಿ ಸೂಜಿಯಂತೆ ಮಾಡಿಟ್ಟುಕೊಂಡು ಕೂರುವ ಮಕ್ಕಳಿದ್ದಾರೆ. ನೋಡಲು ಖುಷಿ, ಆದರೆ ಮೊದಲ ಗೆರೆಗೇ ಅರ್ಧ ಮೊನೆಗಳು ಕಾಗದದ ಮೇಲೆ ಪುಡಿಯಾಗುತ್ತವೆ. ಚೂಪು ಮಾಡಿದ ಕೂಡಲೇ ರಫ್ ಹಾಳೆಯ ಮೇಲೆ ಓರೆಯಾಗಿ ಹಿಡಿದು, ತಿರುಗಿಸುತ್ತಾ ನಾಲ್ಕು ಗೆರೆ ಎಳೆದರೆ ತೀರಾ ತೆಳುವಾದ ತುದಿ ಹೋಗಿ, ಗಟ್ಟಿ ಮೊನೆ ಉಳಿಯುತ್ತದೆ.

ಉಪ್ಪುಕಾಗದ ಮತ್ತು ಕಟ್ಟರ್

ಚಿತ್ರ ಬರೆಯುವ ನಡುವೆ ಮೊನೆ ಸ್ವಲ್ಪ ಸವೆದಾಗಲೆಲ್ಲ ಮೆಂಡರಿಗೆ ಹೋಗಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಉಪ್ಪುಕಾಗದ, ಅದೇ ಸ್ಯಾಂಡ್ ಪೇಪರ್, ನುಣುಪಿನದು ಒಂದು ಹಾಳೆ ತನ್ನಿ. 400ನೇ ನಂಬರ್ ಸಾಕು. ಬೆಂಕಿಪೊಟ್ಟಣದಷ್ಟು ಅಗಲಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿಕೊಳ್ಳಿ. ಪೆನ್ಸಿಲನ್ನು ಹೆಚ್ಚು ಕಡಿಮೆ ಮಲಗಿಸಿ, ಬೆರಳಲ್ಲಿ ಉರುಳಿಸುತ್ತಾ ಮೊನೆಯನ್ನು ನಿಮ್ಮ ಕಡೆಗೆ ಎಳೆಯಿರಿ. ಕಡ್ಡಿಗೆ ಎಳೆತ, ತಿರುಚು ಎರಡೂ ಇಲ್ಲ, ಹಾಗಾಗಿ ಮುರಿಯುವ ಪ್ರಶ್ನೆ ಬಹಳ ಕಮ್ಮಿ. ಮರವೂ ಉಳಿಯುತ್ತದೆ. ಬೀಳುವ ಬಣ್ಣದ ಪುಡಿಯನ್ನು ಹತ್ತಿಯಲ್ಲಿ ಒತ್ತಿ ತೆಗೆದು ಆಕಾಶಕ್ಕೆ ಉಜ್ಜಬಹುದು. ಕಪ್ಪು ಉಜ್ಜಿದ ಜಾಗದಲ್ಲೇ ಹಳದಿ ಉಜ್ಜಬೇಡಿ ಅಂತ ಬೇರೆ ಹೇಳಬೇಕಿಲ್ಲ ತಾನೆ?

ತೀರಾ ಮೆದುವಾದ, ಮೆಂಡರಿಗೆ ಒಗ್ಗದೇ ಇರುವ ಪೆನ್ಸಿಲ್ಲಿಗೆ ಕಟ್ಟರೇ ಸರಿ. ಇದು ದೊಡ್ಡವರ ಕೆಲಸ, ಮಕ್ಕಳ ಕೈಗೆ ಕೊಡಬೇಡಿ. ಹಳೆಯ ಕಾಲದವರು ಶೇವಿಂಗ್ ಬ್ಲೇಡನ್ನು ಅರ್ಧಕ್ಕೆ ಮುರಿದು ಕೆತ್ತುತ್ತಿದ್ದರು. ಹಿಡಿಯಲು ಜಾಗವಿಲ್ಲದ ಆ ಬ್ಲೇಡ್ ನನಗಂತೂ ಇಷ್ಟವಿಲ್ಲ. ಹಿಡಿ ಇರುವ ಕಟ್ಟರ್ ತೆಗೆದುಕೊಂಡು, ಅಲಗಿನ ಮೇಲಿನ ಓರೆ ಗೆರೆಗಳ ಲೆಕ್ಕದಲ್ಲಿ ಎರಡು ಮೂರು ಮನೆಯಷ್ಟೇ ಅದನ್ನು ಹೊರಗೆ ಬಿಡಿ. ಮೊನೆ ನಿಮ್ಮಿಂದ ಆಚೆಗೆ ಇರಲಿ. ಕಟ್ಟರ್ ಹಿಡಿದ ಕೈ ಅಲುಗಬಾರದು. ಪೆನ್ಸಿಲ್ ಹಿಡಿದ ಕೈಯ ಹೆಬ್ಬೆರಳು ಅಲಗಿನ ಬೆನ್ನನ್ನು ಮುಂದಕ್ಕೆ ತಳ್ಳಬೇಕು. ಒಂದು ಚಕ್ಕೆ ತೆಗೆದು, ಪೆನ್ಸಿಲ್ ಸ್ವಲ್ಪ ತಿರುಗಿಸಿ, ಇನ್ನೊಂದು ಚಕ್ಕೆ. ಮರವನ್ನು ಒಂದೂವರೆ ಸೆಂಟಿಮೀಟರಿನಷ್ಟು ಓರೆ ಮಾಡಿ, ಕಡ್ಡಿ ಅರ್ಧ ಸೆಂಟಿಮೀಟರ್ ಕಂಡರೆ ಸಾಕು. ಕಟ್ಟರನ್ನು ಕಡ್ಡಿಗೆ ತಾಗಿಸಲೇಬೇಡಿ. ಕಡ್ಡಿಯನ್ನು ಉಪ್ಪುಕಾಗದದಲ್ಲೇ ಚೂಪು ಮಾಡಿ.

ಗಿರಗಟ್ಟಲೆ ಹಿಡಿ ತಿರುಗಿಸುವ ಟೇಬಲ್ ಮೆಂಡರ್‌ಗಳ ಬಗ್ಗೆ ಎರಡು ಮಾತು. ಪೆನ್ಸಿಲನ್ನು ಕ್ಲಾಂಪ್ ಬಿಗಿಯಾಗಿ ಹಿಡಿಯುವುದರಿಂದ ತೊನೆತ ಇಲ್ಲ, ತುಂಬಾ ಮಕ್ಕಳಿರುವ ಕಡೆ ಅದೇ ಅನುಕೂಲ. ಪೆನ್ಸಿಲ್ಲಿನ ಮೈಮೇಲೆ ಹಲ್ಲಿನ ಗುರುತು ಬೀಳುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಬ್ಯಾಟರಿಯದ್ದು ಬಣ್ಣದ ಪೆನ್ಸಿಲ್ಲಿಗೆ ಬೇಡ. ಮೇಣ ಒಳಗೆ ಮೆತ್ತಿಕೊಂಡರೆ ಸಣ್ಣ ಮೋಟಾರ್ ಏದುಸಿರು ಬಿಡುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಕೈಗೂ ಗೊತ್ತಾಗುವುದಿಲ್ಲ.

ಮೆತ್ತಿಕೊಂಡ ಮೇಣ ಅಂದಾಗ ನೆನಪಾಯಿತು. ಮೇಣದ ಪೆನ್ಸಿಲ್ ಬಳಸಿದಷ್ಟೂ ಬ್ಲೇಡಿನ ಮೇಲೆ ಅಂಟಂಟಾದ ಪದರ ಕೂರುತ್ತದೆ. ಆಮೇಲೆ ಚೂಪು ಬ್ಲೇಡೂ ಮೊಂಡಿನ ಹಾಗೆ ಆಡುತ್ತದೆ. ಬಿಸಾಡುವ ಮೊದಲು ಒಂದು ಮಾಮೂಲಿ ಕಪ್ಪು ಪೆನ್ಸಿಲನ್ನು ಅದೇ ಮೆಂಡರಿನಲ್ಲಿ ನಾಲ್ಕಾರು ಸುತ್ತು ಚೂಪು ಮಾಡಿ. ಗ್ರಾಫೈಟ್ ಆ ಮೇಣವನ್ನು ಎಳೆದುಕೊಂಡು ಬರುತ್ತದೆ. ಆಮೇಲೆ ಒಣ ಹಳೆ ಟೂತ್ ಬ್ರಷ್‌ನಲ್ಲಿ ಉಜ್ಜಿ, ಇಲ್ಲದಿದ್ದರೆ ಮುಂದಿನ ಹಳದಿ ಪೆನ್ಸಿಲ್ ಮಸಿ ಬಳಿದುಕೊಂಡು ಹೊರಗೆ ಬರುತ್ತದೆ.

ಮಳೆ, ಚಳಿ, ಬಿಸಿಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ. ಇನ್ನು ಮೆಂಡರಿನ ಬ್ಲೇಡಿನ ಗತಿ ಕೇಳಬೇಕೆ? ಉಕ್ಕಿನ ಅಲಗಿಗೆ ತುಕ್ಕು ಹಿಡಿಯುತ್ತದೆ. ಅಲಗಿನ ಮೇಲೆ ಕಂದು ಚುಕ್ಕಿ ಕಂಡರೆ ಅದರ ಕಾಲ ಮುಗಿಯಿತು, ಉಜ್ಜಿ ಉಪಯೋಗವಿಲ್ಲ. ಚಪ್ಪಲಿ, ಬ್ಯಾಗಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮೆಂಡರಿನ ಜೊತೆ ಹಾಕಿಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಆ ಪೊಟ್ಟಣ ಕೈಗೆ ಸಿಗದ ಹಾಗಿರಲಿ. ಮೆಂಡರನ್ನು ನೀರಿನಲ್ಲಿ ತೊಳೆಯಬೇಡಿ. ಬ್ಲೇಡಿಗೂ ಕೇಡು, ಮೆಗ್ನೀಸಿಯಂ ಮೈಗೂ ಕೇಡು. ಕೊಬ್ಬರಿ ಎಣ್ಣೆ ಸವರಿಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ತುಕ್ಕು ನಿಲ್ಲಬಹುದು, ಆದರೆ ಆ ಎಣ್ಣೆ ಮೊನೆಯ ಮೂಲಕ ಹಾಳೆಗೆ ಬಂದರೆ ಕಲೆ ಹೋಗುವುದಿಲ್ಲ.

ಮರವೂ ತೇವ ಕುಡಿಯುತ್ತದೆ. ಉಬ್ಬಿದ ಮರ ಬ್ಲೇಡಿಗೆ ನಾರು ನಾರಾಗಿ ಸಿಕ್ಕುತ್ತದೆ, ಸಿಪ್ಪೆಯ ಅಂಚು ಕೂದಲು ಕೂದಲಾಗಿ ಕಾಣುತ್ತದೆ. ಅಂಥ ದಿನ ಪೆನ್ಸಿಲ್ ಡಬ್ಬಿಯನ್ನು ತೆರೆದು ಒಣಗಿದ, ಬೆಚ್ಚಗಿನ ಜಾಗದಲ್ಲಿಟ್ಟು ಆಮೇಲೆ ಚೂಪು ಮಾಡಿ. ಒಲೆಯ ಪಕ್ಕ ಬೇಡ. ವಾಟರ್ ಕಲರ್ ಪೆನ್ಸಿಲ್ಲಿನ ಮೊನೆ ನೀರಿಗೆ ಅದ್ದಿ ಬಳಸಿದ್ದರೆ ಪೂರ್ತಿ ಒಣಗುವವರೆಗೆ ಮೆಂಡರಿಗೆ ಹಾಕಲೇಬೇಡಿ. ಒದ್ದೆ ಕಡ್ಡಿ ಬ್ಲೇಡಿಗೆ ಅಂಟಿಕೊಂಡು ಬುಡಸಮೇತ ಬರುತ್ತದೆ.

ಚಳಿಗಾಲದ ಬೆಳಿಗ್ಗೆ ತೊಂದರೆ ಬೇರೆ. ತಣ್ಣಗಾದ ಮೇಣ ಬಿರುಸಾಗುತ್ತದೆ, ಬಾಗದೆ ಒಡೆಯುತ್ತದೆ. ಪೆನ್ಸಿಲನ್ನು ಅಂಗೈ ನಡುವೆ ಸ್ವಲ್ಪ ಹೊತ್ತು ಉಜ್ಜಿ, ಬೆಚ್ಚಗೆ ಮಾಡಿ ಚೂಪು ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟ ಡಬ್ಬಿಗೆ ಇದರ ಉಲ್ಟಾ, ಕಡ್ಡಿ ಬೆಣ್ಣೆಯಾಗಿರುತ್ತದೆ. ನೆರಳಲ್ಲಿ ಆರಲು ಬಿಡಿ. ಕಾಡಿಗೆ ಪೆನ್ಸಿಲನ್ನು ಫ್ರಿಜ್ಜಿನಲ್ಲಿಟ್ಟು ಚೂಪು ಮಾಡುವ ಉಪಾಯ ಹೆಂಗಸರಿಗೆ ಗೊತ್ತೇ ಇದೆ. ಅದು ತೀರಾ ಮೆದುವಾದ ಕಾಡಿಗೆಗೆ ಸರಿ. ಚಿತ್ರದ ಪೆನ್ಸಿಲನ್ನು ಫ್ರಿಜ್ಜಿಗೆ ಹಾಕಿದರೆ ತೊಂದರೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಒಳಗೇ ಮುರಿದಿದ್ದರೆ

ಬ್ಲೇಡ್ ಹೊಸದು, ಕೈ ಹಗುರ, ಸಿಪ್ಪೆಯೂ ಚೆಂದ, ಆದರೂ ಪ್ರತಿ ಸಲ ಒಂದೊಂದು ಸೆಂಟಿಮೀಟರ್ ಕಡ್ಡಿ ಸಲೀಸಾಗಿ ಕಳಚಿ ಬರುತ್ತಿದೆ. ಬೆರಳಲ್ಲಿ ಹಿಡಿದರೆ ಮೊನೆ ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡುತ್ತದೆ. ಆ ಪೆನ್ಸಿಲ್ ಎಲ್ಲೋ ಕೆಳಗೆ ಬಿದ್ದು ಮರದೊಳಗೇ ಕಡ್ಡಿ ಚೂರಾಗಿದೆ. ಸಿಮೆಂಟ್ ನೆಲ, ಶಾಲೆಯ ಬೆಂಚು, ಸ್ಟೀಲ್ ಜಾಮಿಟ್ರಿ ಬಾಕ್ಸ್, ಇವೇ ಕಾರಣ. ಕಡ್ಡಿಯನ್ನು ಉದ್ದಕ್ಕೂ ಮರಕ್ಕೆ ಅಂಟಿಸಿರುವ ಪೆನ್ಸಿಲ್‌ಗಳು ಸ್ವಲ್ಪ ತಡೆದುಕೊಳ್ಳುತ್ತವೆ, ಆದರೆ ಅವಕ್ಕೂ ಮಿತಿ ಇದೆ.

ಮೇಣದ ಪೆನ್ಸಿಲ್ ಆದರೆ ಒಂದು ಪ್ರಯತ್ನ ಮಾಡಬಹುದು. ತಟ್ಟೆಯಲ್ಲಿ ಮಲಗಿಸಿ ಒಂದಷ್ಟು ಹೊತ್ತು ಒಳ್ಳೆಯ ಬಿಸಿಲಿಗಿಡಿ, ಅಥವಾ ಹೇರ್ ಡ್ರೈಯರ್‌ನಲ್ಲಿ ಉದ್ದಕ್ಕೂ ಬಿಸಿ ಗಾಳಿ ಬಿಡಿ. ಒಳಗಿನ ಮೇಣ ಮೆತ್ತಗಾಗಿ ಚೂರುಗಳು ಒಂದಕ್ಕೊಂದು ಅಂಟಿಕೊಳ್ಳುವ ಸಾಧ್ಯತೆ ಇದೆ. ಪೂರ್ತಿ ಆರುವವರೆಗೆ ಅಲುಗಿಸಬೇಡಿ. ಎಣ್ಣೆಯ ಪೆನ್ಸಿಲ್ಲಿಗೆ ಇದು ಅಷ್ಟಾಗಿ ನಡೆಯುವುದಿಲ್ಲ. ಮೈಕ್ರೋವೇವ್‌ನಲ್ಲಿ ಇಡುವ ಸಲಹೆ ಓಡಾಡುತ್ತಿರುತ್ತದೆ, ದಯವಿಟ್ಟು ಬೇಡ. ಪೆನ್ಸಿಲ್ಲಿನ ಮೇಲಿನ ಹೊಳೆಯುವ ಅಕ್ಷರ ಲೋಹದ ಹಾಳೆಯದಾಗಿದ್ದರೆ ಕಿಡಿ ಹಾರುತ್ತದೆ. ಬಿಸಿಯೂ ಕೈಕೊಟ್ಟರೆ ಕಟ್ಟರ್ ಮತ್ತು ಉಪ್ಪುಕಾಗದವೇ ಗತಿ. ತಿರುಚದೆ ಕೆತ್ತುವುದರಿಂದ ಚೂರು ಕಡ್ಡಿಯನ್ನೂ ಅಷ್ಟಿಷ್ಟು ಬಳಸಿ ಮುಗಿಸಬಹುದು.

ಶಾಲೆಗೆ ಒಯ್ಯುವ ಮಕ್ಕಳಿಗೆ ಬಟ್ಟೆಯ ಪೌಚೇ ಒಳ್ಳೆಯದು. ಸ್ಟೀಲ್ ಡಬ್ಬಿಯೇ ಬೇಕೆಂದರೆ ತಳಕ್ಕೆ ಹಳೆ ಕರ್ಚೀಫ್ ಮಡಚಿ ಹಾಕಿ. ಮನೆಯಲ್ಲಾದರೆ ಲೋಟದಲ್ಲಿ ಮೊನೆ ಮೇಲಾಗಿ ನಿಲ್ಲಿಸಿದರೆ ಸಾಕು.

ಹಿಡಿಯಲು ಆಗದಷ್ಟು ಗಿಡ್ಡವಾದ ಪೆನ್ಸಿಲ್ ಕೈಯಲ್ಲಿ ವಾಲಿಯೇ ವಾಲುತ್ತದೆ, ಮೆಂಡರಿನಲ್ಲಿ ಮುರಿದೇ ಮುರಿಯುತ್ತದೆ. ಮುಗಿದ ಬಾಲ್ ಪೆನ್ನಿನ ಕೊಳವೆಗೆ ಬಿಗಿಯಾಗಿ ತುರುಕಿ, ಸಡಿಲವಾದರೆ ಹಿಂಬದಿಗೆ ಒಂದು ಸುತ್ತು ಕಾಗದ ಸುತ್ತಿ. ಅಥವಾ ಅದೇ ಬಣ್ಣದ ಹೊಸ ಪೆನ್ಸಿಲ್ಲಿನ ಹಿಂಬದಿಗೆ ಮೋಟು ತುಂಡನ್ನು ಮರದ ಅಂಟಿನಿಂದ ಜೋಡಿಸಿ, ಟೇಪ್ ಸುತ್ತಿ ರಾತ್ರಿಯಿಡೀ ಬಿಡಿ. ಜೋಡಿಸುವ ಎರಡೂ ಮುಖ ಉಪ್ಪುಕಾಗದದಲ್ಲಿ ಸಮ ಮಾಡಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಬದಲಿಸಿದ ಹಳೆ ಬ್ಲೇಡನ್ನು ಹಾಗೇ ಕಸಕ್ಕೆ ಹಾಕಬೇಡಿ. ದಪ್ಪ ರಟ್ಟಿನಲ್ಲಿ ಮಡಚಿ, ಟೇಪ್ ಸುತ್ತಿ, ಮೇಲೆ ‘ಬ್ಲೇಡ್’ ಅಂತ ದೊಡ್ಡದಾಗಿ ಬರೆದು, ಬೆಳಿಗ್ಗೆ ಕಸದ ಗಾಡಿ ಬಂದಾಗ ಬೇರೆಯಾಗಿ ಕೈಗೆ ಕೊಟ್ಟು ಹೇಳಿ. ಕಸ ವಿಂಗಡಿಸುವವರು ಬರಿಗೈಯಲ್ಲಿ ಕೆಲಸ ಮಾಡುತ್ತಿರಬಹುದು.